ಅನುದಾನದ ಸಾಮಾನ್ಯ ಸೌಲಭ್ಯ ಕೇಂದ್ರ: ಲೆಕ್ಕಪತ್ರ, ನಿರ್ವಹಣೆ ಮತ್ತು ಹತ್ತನೆಯ ವರ್ಷದ ಪ್ರಶ್ನೆ

ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕವೊಂದಕ್ಕೆ ಹೀಟ್ ಟ್ರೀಟ್‌ಮೆಂಟ್ ಫರ್ನೆಸ್ ಬೇಕು, ಅಳತೆಯ ನಿಖರತೆಯನ್ನು ದೃಢಪಡಿಸುವ ಸಿಎಂಎಂ ಯಂತ್ರ ಬೇಕು, ಲೋಹದ ಗುಣಮಟ್ಟ ಪರೀಕ್ಷಿಸುವ ಪ್ರಯೋಗಾಲಯವೂ ಬೇಕು. ಆದರೆ ಇವುಗಳಲ್ಲಿ ಯಾವುದನ್ನೂ ದಿನವಿಡೀ ದುಡಿಸುವಷ್ಟು ಕೆಲಸ ಆ ಘಟಕದಲ್ಲಿ ಇರುವುದಿಲ್ಲ. ದಿನಕ್ಕೆ ಎರಡು ಗಂಟೆಯ ಕೆಲಸಕ್ಕಾಗಿ ಕೋಟಿ ರೂಪಾಯಿಯ ಯಂತ್ರಕ್ಕೆ ಸಾಲ ಮಾಡಿದ ಉದ್ಯಮಿಯ ಲಾಭವೆಲ್ಲ ಬಡ್ಡಿಗೇ ಹೋಗುತ್ತದೆ. ಒಂದೇ ಪ್ರದೇಶದ, ಒಂದೇ ಬಗೆಯ ನಲವತ್ತು ಘಟಕಗಳು ಕೂಡಿ ಅಂತಹ ಸೌಲಭ್ಯವನ್ನು ಹೊಂದುವುದಾದರೆ, ಅದಕ್ಕೆ ಸರ್ಕಾರ ಬಹುಪಾಲು ಹಣವನ್ನು ಅನುದಾನವಾಗಿ ನೀಡುವುದಾದರೆ, ಪ್ರತಿ ಘಟಕದ ಪಾಲಿಗೆ ಬರುವ ಭಾರ ಹೊರಬಹುದಾದಷ್ಟೇ ಆಗುತ್ತದೆ. ಕ್ಲಸ್ಟರ್ ಯೋಜನೆಗಳ ಮೂಲ ವಿಚಾರ ಇದೇ.

ಈ ವಿಚಾರಕ್ಕೆ ನಮ್ಮ ದೇಶದಲ್ಲಿ ಕಾಲು ಶತಮಾನಕ್ಕೂ ಮೀರಿದ ಇತಿಹಾಸವಿದೆ. ಸಣ್ಣ ಉದ್ದಿಮೆಗಳ ಕುರಿತ ಅಬಿದ್ ಹುಸೇನ್ ಸಮಿತಿಯು 1997ರಲ್ಲಿ ವರದಿ ನೀಡಿತು. 1998ರಲ್ಲಿ ‘ಅಪ್‌ಟೆಕ್’ ಎಂಬ ಹೆಸರಿನಲ್ಲಿ ಆರಂಭವಾದ ಕೇಂದ್ರ ಯೋಜನೆ 2003ರಲ್ಲಿ ಸಣ್ಣ ಕೈಗಾರಿಕಾ ಕ್ಲಸ್ಟರ್ ಅಭಿವೃದ್ಧಿ ಕಾರ್ಯಕ್ರಮವಾಗಿ, 2007ರಲ್ಲಿ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಕ್ಲಸ್ಟರ್ ಅಭಿವೃದ್ಧಿ ಕಾರ್ಯಕ್ರಮವಾಗಿ ಹೆಸರು ಬದಲಿಸಿತು. ಕುಶಲಕರ್ಮಿಗಳಿಗಾಗಿ ‘ಸ್ಫೂರ್ತಿ’ ಯೋಜನೆ 2005ರಲ್ಲಿ ಬಂದಿತು. ಬೆಳಗಾವಿಯ ಫೌಂಡ್ರಿಗಳು, ಪೀಣ್ಯದ ಎಂಜಿನಿಯರಿಂಗ್ ಘಟಕಗಳು, ಚನ್ನಪಟ್ಟಣದ ಅರಗಿನ ಬೊಂಬೆ ತಯಾರಕರು, ಇಳಕಲ್ಲಿನ ನೇಕಾರರು ಎಂದು ಸಹಜವಾಗಿಯೇ ಒಟ್ಟಾಗಿ ಬೆಳೆದ ಉದ್ದಿಮೆಗಳು ಕರ್ನಾಟಕದಲ್ಲಿ ಹೇರಳವಾಗಿರುವುದರಿಂದ ಇಂತಹ ಯೋಜನೆಗಳ ಬಗ್ಗೆ ನಮ್ಮ ಉದ್ಯಮಿಗಳಲ್ಲಿ ಆಸಕ್ತಿಯೂ ಸಾಕಷ್ಟಿದೆ.

ಅರ್ಜಿ ಸಲ್ಲಿಸುವ ಬಗೆ, ಅನುದಾನದ ಪ್ರಮಾಣ ಇವುಗಳ ಬಗ್ಗೆ ಸಭೆಗಳಲ್ಲಿ ಬೇಕಾದಷ್ಟು ಚರ್ಚೆ ನಡೆಯುತ್ತದೆ. ಅನುದಾನ ಬಂದ ಮೇಲೆ ಅದನ್ನು ನಿರ್ವಹಿಸುವ ಬಗೆಯ ಕುರಿತು ಚರ್ಚೆ ನಡೆಯುವುದು ಕಡಿಮೆ. ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸಿದ ಯಂತ್ರ ಐದನೆಯ ವರ್ಷದಲ್ಲಿ ಟಾರ್ಪಾಲು ಹೊದ್ದು ನಿಲ್ಲುವುದಕ್ಕೆ ಕಾರಣ ಬಹುತೇಕ ಇಲ್ಲಿಯೇ ಇರುತ್ತದೆ.

ಹಣ ಎಲ್ಲಿಂದ, ಎಷ್ಟು

2021-22ರಿಂದ 2025-26ರವರೆಗಿನ ಅವಧಿಗಾಗಿ 2022ರಲ್ಲಿ ಹೊರಬಂದ ಮಾರ್ಗಸೂಚಿಯ ಪ್ರಕಾರ, ಸಾಮಾನ್ಯ ಸೌಲಭ್ಯ ಕೇಂದ್ರದ ಯೋಜನಾ ವೆಚ್ಚ 5 ಕೋಟಿಯಿಂದ 10 ಕೋಟಿ ರೂಪಾಯಿಯವರೆಗೆ ಇದ್ದಲ್ಲಿ ಕೇಂದ್ರದ ಅನುದಾನ ಶೇ. 70, 10 ಕೋಟಿಯಿಂದ 30 ಕೋಟಿಯವರೆಗಿನ ಯೋಜನೆಗೆ ಶೇ. 60. ಈಶಾನ್ಯ ಮತ್ತು ಗುಡ್ಡಗಾಡು ರಾಜ್ಯಗಳು, ಮಹತ್ವಾಕಾಂಕ್ಷೆಯ ಜಿಲ್ಲೆಗಳೇ ಮುಂತಾದವುಗಳಿಗೆ ಈ ಪ್ರಮಾಣ ಕ್ರಮವಾಗಿ ಶೇ. 80 ಮತ್ತು ಶೇ. 70. ಮಾರ್ಗಸೂಚಿಗಳು ಕಾಲಕಾಲಕ್ಕೆ ಬದಲಾಗುತ್ತವೆಯಾದ್ದರಿಂದ ಅರ್ಜಿ ಸಲ್ಲಿಸುವ ದಿನ ಜಾರಿಯಲ್ಲಿರುವ ಪ್ರತಿಯನ್ನೇ ಓದತಕ್ಕದ್ದು. ಹಿಂದಿನ ವರ್ಷ ಪಕ್ಕದ ಜಿಲ್ಲೆಯವರು ಪಡೆದ ಪ್ರಮಾಣವನ್ನು ನಂಬಿ ಯೋಜನೆ ಹೂಡುವುದು ಸಲ್ಲದು.

ಉದಾಹರಣೆಗೆ, ನಲವತ್ತು ಘಟಕಗಳು ಸೇರಿ 8 ಕೋಟಿ ರೂಪಾಯಿಯ ಕೇಂದ್ರವೊಂದನ್ನು ಯೋಜಿಸಿವೆ ಎಂದು ಭಾವಿಸಬಹುದು. ಶೇ. 70ರಂತೆ ಅನುದಾನ 5.60 ಕೋಟಿ. ಉಳಿದ 2.40 ಕೋಟಿಯಲ್ಲಿ ರಾಜ್ಯ ಸರ್ಕಾರದ ಪಾಲು 80 ಲಕ್ಷ ಎಂದಿಟ್ಟುಕೊಂಡರೆ ಸದಸ್ಯರು ಕೂಡಿಸಬೇಕಾದುದು 1.60 ಕೋಟಿ, ಅಂದರೆ ತಲಾ 4 ಲಕ್ಷ ರೂಪಾಯಿ. ಕಾಗದದ ಮೇಲೆ ಇದು ಸುಲಭ. ಆದರೆ ಮಂಜೂರಾತಿಯ ನಂತರ ಯಂತ್ರದ ಬೆಲೆ ಏರಿದರೆ, ಡಾಲರಿನ ವಿನಿಮಯ ದರ ಬದಲಾದರೆ, ಕಟ್ಟಡದ ವೆಚ್ಚ ಅಂದಾಜನ್ನು ಮೀರಿದರೆ ಆ ಹೆಚ್ಚುವರಿ ವೆಚ್ಚವನ್ನು ಕೇಂದ್ರ ಸರ್ಕಾರ ಭರಿಸುವುದಿಲ್ಲ. ಕೇಂದ್ರವನ್ನು ನಡೆಸುವುದರಿಂದ ಉಂಟಾಗುವ ನಷ್ಟಕ್ಕೂ ಅದು ಹೊಣೆಯಲ್ಲ. ವೆಚ್ಚವು ಶೇ. 10ರಷ್ಟು ಏರಿದರೆ 80 ಲಕ್ಷ. ರಾಜ್ಯದಿಂದ ಹೆಚ್ಚುವರಿ ನೆರವು ದೊರೆಯದಿದ್ದಲ್ಲಿ ತಲಾ 4 ಲಕ್ಷ ಕೊಟ್ಟ ಸದಸ್ಯನು ಇನ್ನೂ 2 ಲಕ್ಷ ಕೊಡಬೇಕಾಗುತ್ತದೆ. ಒಟ್ಟು ವೆಚ್ಚದ ಶೇ. 10ರ ಏರಿಕೆ ಸದಸ್ಯನ ಪಾಲಿಗೆ ಶೇ. 50ರ ಏರಿಕೆಯಾಗುವ ಈ ಗಣಿತವನ್ನು ಮೊದಲ ಸಭೆಯಲ್ಲೇ ಎಲ್ಲ ಸದಸ್ಯರ ಮುಂದಿಟ್ಟು, ನಡವಳಿ ಪುಸ್ತಕದಲ್ಲಿ ದಾಖಲಿಸಿ ಸಹಿ ಪಡೆಯುವುದು ಉತ್ತಮ. ಆ ಸಭೆಯಲ್ಲಿ ಐದಾರು ಮಂದಿ ಹಿಂದೆ ಸರಿದರೂ ನಷ್ಟವೇನಿಲ್ಲ. ಕಟ್ಟಡ ಅರ್ಧಕ್ಕೇರಿದ ಮೇಲೆ ಹಿಂದೆ ಸರಿಯುವುದಕ್ಕಿಂತ ಅದು ಮೇಲು.

ಸಂಸ್ಥೆಯ ಸ್ವರೂಪ ಮತ್ತು ತೆರಿಗೆ

ಅನುದಾನ ಪಡೆಯುವುದು ಬಿಡಿ ಘಟಕಗಳಲ್ಲ, ಅವು ಸೇರಿ ಸ್ಥಾಪಿಸುವ ವಿಶೇಷ ಉದ್ದೇಶದ ಸಂಸ್ಥೆ, ಅಂದರೆ ಎಸ್‌ಪಿವಿ. 2010ರ ಮಾರ್ಗಸೂಚಿಯಲ್ಲಿ ಇದಕ್ಕೆ ಕನಿಷ್ಠ 20 ಘಟಕಗಳ ಸದಸ್ಯತ್ವ ಬೇಕೆಂದೂ, ಯಾವ ಒಂದು ಘಟಕವೂ ಶೇ. 10ಕ್ಕಿಂತ ಹೆಚ್ಚು ಷೇರು ಹೊಂದಬಾರದೆಂದೂ ವಿಧಿಸಲಾಗಿತ್ತು. ಸಾರ್ವಜನಿಕ ಹಣದಿಂದ ನಿಂತ ಕೇಂದ್ರ ಒಂದೆರಡು ಕುಟುಂಬಗಳ ಸೊತ್ತಾಗಬಾರದೆಂಬುದೇ ಇದರ ಉದ್ದೇಶ.

2013ರ ಕಂಪನಿ ಕಾಯ್ದೆಯ 8ನೇ ವಿಭಾಗದ ಕಂಪನಿಯಾಗಿ ಎಸ್‌ಪಿವಿಯನ್ನು ನೋಂದಾಯಿಸಿದೊಡನೆ ಆದಾಯ ತೆರಿಗೆಯಿಂದ ವಿನಾಯಿತಿ ದೊರೆಯುತ್ತದೆ ಎಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ಎರಡಕ್ಕೂ ನೇರ ಸಂಬಂಧವಿಲ್ಲ. ತೆರಿಗೆ ವಿನಾಯಿತಿಗೆ ಪ್ರತ್ಯೇಕ ನೋಂದಣಿ ಬೇಕು. ಸಾರ್ವಜನಿಕ ಉಪಯುಕ್ತತೆಯ ಉದ್ದೇಶದ ಸಂಸ್ಥೆ ಶುಲ್ಕ ಪಡೆದು ವ್ಯಾಪಾರ ಸ್ವರೂಪದ ಸೇವೆ ನೀಡಿದರೆ, ಅಂತಹ ಜಮೆ ಒಟ್ಟು ಜಮೆಯ ಶೇ. 20ನ್ನು ಮೀರುವಂತಿಲ್ಲ. 2022ರ ಅಕ್ಟೋಬರ್‌ನಲ್ಲಿ ಅಹಮದಾಬಾದ್ ನಗರಾಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಮಿತಿಯನ್ನು ವಿವರವಾಗಿ ವಿಶ್ಲೇಷಿಸಿದೆ. ಬಳಕೆದಾರರ ಶುಲ್ಕದಿಂದಲೇ ನಡೆಯಬೇಕಾದ ಸೌಲಭ್ಯ ಕೇಂದ್ರವು ಈ ಮಿತಿಯೊಳಗೆ ಉಳಿಯುವುದು ಕಷ್ಟ. ಆದ್ದರಿಂದ ತೆರಿಗೆ ಕಟ್ಟಬೇಕಾಗುತ್ತದೆಂದು ಭಾವಿಸಿಯೇ ಶುಲ್ಕದ ಲೆಕ್ಕ ಹಾಕುವುದು ಸುರಕ್ಷಿತ.

ಅನುದಾನದ ಹಣ ಸಂಸ್ಥೆಯ ಹಣವಲ್ಲ

ವರ್ತಕರಾದವರಿಗೆ ತಮ್ಮ ವ್ಯವಹಾರದಲ್ಲಿ ಒಂದು ಖಾತೆಯ ಹಣವನ್ನು ಇನ್ನೊಂದಕ್ಕೆ ತಿರುಗಿಸುವುದು ದಿನನಿತ್ಯದ ಸಂಗತಿ. ಸ್ವಂತ ದುಡ್ಡಿನಲ್ಲಿ ಇದು ತಪ್ಪಲ್ಲ. ಅನುದಾನದ ಹಣದಲ್ಲಿ ಇದು ಮೊದಲ ಮತ್ತು ದೊಡ್ಡ ತಪ್ಪು. 2017ರ ಸಾಮಾನ್ಯ ಹಣಕಾಸು ನಿಯಮಾವಳಿಯ ದೃಷ್ಟಿಯಲ್ಲಿ, ಉದ್ದೇಶಕ್ಕೆ ವಿನಿಯೋಗವಾಗಿ ಲೆಕ್ಕ ಒಪ್ಪಿಸುವವರೆಗೆ ಈ ಹಣಕ್ಕೆ ಎಸ್‌ಪಿವಿ ಉತ್ತರದಾಯಿ. ಅದನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಯೇ ಇರಿಸಿ, ಸದಸ್ಯರ ವಂತಿಗೆ ಹಾಗೂ ಬಳಕೆ ಶುಲ್ಕದ ಖಾತೆಯೊಂದಿಗೆ ಬೆರೆಸದಿರುವುದು ಅಗತ್ಯ.

ಈ ಖಾತೆಯಲ್ಲಿ ಹುಟ್ಟುವ ಬಡ್ಡಿಯೂ ಸಂಸ್ಥೆಯದಲ್ಲ. ಉಲ್ಲೇಖಿತ ಉದಾಹರಣೆಯ ಎಸ್‌ಪಿವಿಗೆ ಮೊದಲ ಕಂತಾಗಿ 3 ಕೋಟಿ ಬಂದು, ಟೆಂಡರ್ ವಿಳಂಬದಿಂದ ಆರು ತಿಂಗಳು ಬ್ಯಾಂಕಿನಲ್ಲಿ ಉಳಿಯಿತೆಂದರೆ, ವಾರ್ಷಿಕ ಶೇ. 3ರಂತೆ 4.50 ಲಕ್ಷ ಬಡ್ಡಿಯಾಗುತ್ತದೆ. ನಿಯಮಾವಳಿಯ 230ನೇ ನಿಯಮದ ಪ್ರಕಾರ ವಾರ್ಷಿಕ ಲೆಕ್ಕಪತ್ರ ಅಂತಿಮಗೊಂಡೊಡನೆ ಇದನ್ನು ಭಾರತದ ಸಂಚಿತ ನಿಧಿಗೆ ಜಮೆ ಮಾಡಬೇಕು. ಮುಂದಿನ ಕಂತಿನಲ್ಲಿ ಸರಿಹೊಂದಿಸಿಕೊಳ್ಳಲು ಅವಕಾಶವಿಲ್ಲ. ‘ಬಡ್ಡಿ ನಮ್ಮದಲ್ಲವೆ, ಅದರಲ್ಲೇ ಕಾವಲುಗಾರನ ಸಂಬಳ ಕೊಟ್ಟೆವು’ ಎನ್ನುವ ಕಾರ್ಯದರ್ಶಿಗಳಿಗೆ ಲೆಕ್ಕಪರಿಶೋಧಕರ ಆಕ್ಷೇಪಣೆ ಖಚಿತ. ಇದರಲ್ಲಿ ಇನ್ನೊಂದು ಸಣ್ಣ ತೊಡಕೂ ಇದೆ. ಬ್ಯಾಂಕು ಠೇವಣಿಯ ಬಡ್ಡಿಯ ಮೇಲೆ ಮೂಲದಲ್ಲೇ ತೆರಿಗೆ ಕಡಿತ ಮಾಡಿ ಉಳಿದದ್ದನ್ನು ಮಾತ್ರ ಜಮೆ ಮಾಡುತ್ತದೆ. ಸರ್ಕಾರಕ್ಕೆ ಹಿಂದಿರುಗಿಸಬೇಕಾದುದು ಪೂರ್ಣ ಬಡ್ಡಿಯಾದ್ದರಿಂದ, ಕಡಿತವಾದ ಮೊತ್ತವನ್ನು ಸದಸ್ಯರ ಹಣದಿಂದ ತುಂಬಿ, ತೆರಿಗೆ ಮರುಪಾವತಿಗಾಗಿ ಕಾಯಬೇಕಾಗುತ್ತದೆ.

ಹಣ ಬಳಕೆ ಪ್ರಮಾಣಪತ್ರವನ್ನು 12-ಎ ನಮೂನೆಯಲ್ಲಿ, ಹಣಕಾಸು ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ಸಲ್ಲಿಸಬೇಕು. ಹನ್ನೆರಡು ತಿಂಗಳ ಅವಕಾಶವಿದೆ ಎಂದು ಸುಮ್ಮನಿರುವುದು ಜಾಣತನವಲ್ಲ. ಪ್ರಮಾಣಪತ್ರ ತಲುಪದೆ ಮುಂದಿನ ಕಂತು ಬರುವುದಿಲ್ಲ, ಅಷ್ಟರಲ್ಲಿ ಯಂತ್ರದ ಕೊಟೇಶನ್ನಿನ ಅವಧಿ ತೀರಿರುತ್ತದೆ. ಸರಬರಾಜುದಾರನಿಗೆ ಕೊಟ್ಟ ಮುಂಗಡವನ್ನು ಖರ್ಚೆಂದು ತೋರಿಸುವುದು ಈ ಪ್ರಮಾಣಪತ್ರದಲ್ಲಿ ಪದೇ ಪದೇ ಕಾಣುವ ದೋಷ. ಯಂತ್ರ ಬಂದು, ಸ್ಥಾಪನೆಯಾಗಿ, ಆಸ್ತಿ ವಹಿಯಲ್ಲಿ ದಾಖಲಾಗುವವರೆಗೆ ಮುಂಗಡವು ಮುಂಗಡವೇ. ಅದನ್ನು ಹಾಗೆಯೇ ಪ್ರತ್ಯೇಕವಾಗಿ ತೋರಿಸಬೇಕು.

ಷರತ್ತುಗಳನ್ನು ಪಾಲಿಸದಿದ್ದಲ್ಲಿ ಅನುದಾನವನ್ನು ಪೂರ್ಣವಾಗಿಯಾಗಲಿ ಭಾಗಶಃವಾಗಲಿ ವಾರ್ಷಿಕ ಶೇ. 10ರ ಬಡ್ಡಿ ಸಹಿತ ಹಿಂದಿರುಗಿಸುವ ಕಟ್ಟುಪಾಡನ್ನು ಇದೇ ನಿಯಮಾವಳಿ ಮುಚ್ಚಳಿಕೆಯ ಮೂಲಕ ವಿಧಿಸುತ್ತದೆ. 5.60 ಕೋಟಿಯ ಮೇಲೆ ಇದು ವರ್ಷಕ್ಕೆ 56 ಲಕ್ಷ ರೂಪಾಯಿ. ಮುಚ್ಚಳಿಕೆಗೆ ಸಹಿ ಹಾಕುವ ನಿರ್ದೇಶಕರು ಈ ಅಂಕಿಯನ್ನು ಒಮ್ಮೆಯಾದರೂ ಓದಿಕೊಳ್ಳಬೇಕು.

ಖರೀದಿಯಲ್ಲಿ ನಿರ್ದೇಶಕರ ಹಿತಾಸಕ್ತಿ

ಕ್ಲಸ್ಟರಿನ ಸದಸ್ಯರಲ್ಲೇ ಒಬ್ಬರು ಯಂತ್ರ ಮಾರಾಟದ ಏಜೆನ್ಸಿ ಹೊಂದಿರುವುದು, ಇನ್ನೊಬ್ಬರ ಬಂಧುಗಳು ಕಟ್ಟಡದ ಗುತ್ತಿಗೆದಾರರಾಗಿರುವುದು ಸಣ್ಣ ಊರುಗಳಲ್ಲಿ ಸಾಮಾನ್ಯ. ಅವರಿಂದ ಖರೀದಿಸುವುದೇ ಅಪರಾಧವಲ್ಲ. ಮುಚ್ಚಿಟ್ಟು ಖರೀದಿಸುವುದು ಅಪರಾಧ. ಕಂಪನಿ ಕಾಯ್ದೆಯ 184ನೇ ವಿಭಾಗದಂತೆ ನಿರ್ದೇಶಕರು ತಮ್ಮ ಹಿತಾಸಕ್ತಿಯನ್ನು ಪ್ರಕಟಿಸಬೇಕು. ಸಂಬಂಧಿತ ವ್ಯಕ್ತಿಗಳೊಂದಿಗಿನ ವ್ಯವಹಾರಕ್ಕೆ 188ನೇ ವಿಭಾಗ ಅನ್ವಯಿಸುತ್ತದೆ. ಆ ವಿಷಯದ ಚರ್ಚೆಯ ವೇಳೆ ಸಂಬಂಧಪಟ್ಟವರು ಸಭೆಯಿಂದ ಹೊರಗಿದ್ದರೆಂಬುದನ್ನು ನಡವಳಿಯಲ್ಲಿ ಬರೆದಿಡಬೇಕು. ಒಂದೇ ಮುದ್ರಣಾಲಯದಲ್ಲಿ ಅಚ್ಚಾದಂತೆ ಕಾಣುವ ಮೂರು ಕೊಟೇಶನ್ನುಗಳನ್ನು ಲೆಕ್ಕಪರಿಶೋಧಕರು ಕಂಡಿಲ್ಲವೆಂದು ಯಾರೂ ಭಾವಿಸಬಾರದು.

ಜಿಎಸ್‌ಟಿ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಸರ್ಕಾರ ನೀಡುವ ಸಹಾಯಧನವನ್ನು ಪ್ರತಿಫಲದ ವ್ಯಾಖ್ಯೆಯಿಂದ ಹೊರಗಿಟ್ಟಿರುವುದರಿಂದ ಅನುದಾನದ ಮೇಲೆ ತೆರಿಗೆಯಿಲ್ಲ. ಆದರೆ ಯಂತ್ರದ ಮೇಲೆ ತೆತ್ತ ಜಿಎಸ್‌ಟಿಯನ್ನು ಯೋಜನಾ ವೆಚ್ಚದಲ್ಲಿ ಸೇರಿಸಿ ಅನುದಾನ ಪಡೆದು, ಅದೇ ಮೊತ್ತವನ್ನು ಹೂಡುವಳಿ ತೆರಿಗೆಯಾಗಿ ಬಳಕೆ ಶುಲ್ಕದ ತೆರಿಗೆಯಲ್ಲಿ ಕಳೆದುಕೊಂಡರೆ ಒಂದೇ ರೂಪಾಯಿಯನ್ನು ಸರ್ಕಾರದಿಂದ ಎರಡು ಬಾರಿ ಪಡೆದಂತಾಗುತ್ತದೆ. 4 ಕೋಟಿಯ ಯಂತ್ರಗಳಿಗೆ ಶೇ. 18ರಂತೆ ಈ ಮೊತ್ತ 72 ಲಕ್ಷ. ಯಾವ ಮಾರ್ಗ ಅನುಸರಿಸುವುದೆಂಬುದನ್ನು ವಿಸ್ತೃತ ಯೋಜನಾ ವರದಿ ಸಿದ್ಧವಾಗುವಾಗಲೇ ನಿರ್ಧರಿಸಿ, ವರದಿಯಲ್ಲಿ ಸ್ಪಷ್ಟವಾಗಿ ನಮೂದಿಸಬೇಕು.

ಹತ್ತನೆಯ ವರ್ಷದ ಲೆಕ್ಕ

ಇದುವರೆಗಿನದೆಲ್ಲ ಸರ್ಕಾರಕ್ಕೆ ಒಪ್ಪಿಸುವ ಲೆಕ್ಕ. ಸದಸ್ಯರು ತಮಗೆ ತಾವೇ ಒಪ್ಪಿಸಿಕೊಳ್ಳಬೇಕಾದ ಲೆಕ್ಕ ಇನ್ನೊಂದಿದೆ. ಹೆಚ್ಚಿನ ಕೇಂದ್ರಗಳು ಸೋಲುವುದು ಇದರಲ್ಲಿ.

ಸರ್ಕಾರಿ ಅನುದಾನಗಳ ಲೆಕ್ಕಕ್ಕೆ ಸಂಬಂಧಿಸಿದ 12ನೇ ಲೆಕ್ಕಪತ್ರ ಮಾನದಂಡವು ಸವಕಳಿಗೆ ಒಳಪಡುವ ಆಸ್ತಿಯ ಅನುದಾನವನ್ನು ತೋರಿಸಲು ಎರಡು ವಿಧಾನಗಳನ್ನು ಒಪ್ಪುತ್ತದೆ. ಒಂದು ಕೋಟಿಯ ಯಂತ್ರಕ್ಕೆ 70 ಲಕ್ಷ ಅನುದಾನ ಬಂದಿದೆ, ಯಂತ್ರದ ಆಯುಷ್ಯ ಹತ್ತು ವರ್ಷ ಎನ್ನುವುದಾದರೆ, ಮೊದಲ ವಿಧಾನದಲ್ಲಿ ಅಡಾವೆ ಪತ್ರಿಕೆಯಲ್ಲಿ ಯಂತ್ರದ ಬೆಲೆ 30 ಲಕ್ಷವೆಂದೇ ತೋರಿಸಿ ವರ್ಷಕ್ಕೆ 3 ಲಕ್ಷ ಸವಕಳಿ ಬರೆಯಲಾಗುತ್ತದೆ. ಎರಡನೆಯದರಲ್ಲಿ ಯಂತ್ರವನ್ನು ಒಂದು ಕೋಟಿಗೇ ತೋರಿಸಿ, ವರ್ಷಕ್ಕೆ 10 ಲಕ್ಷ ಸವಕಳಿ ಬರೆದು, ಮುಂದೂಡಿದ ಅನುದಾನದಿಂದ 7 ಲಕ್ಷವನ್ನು ಲಾಭ-ನಷ್ಟದ ಖಾತೆಗೆ ಜಮೆ ಮಾಡಲಾಗುತ್ತದೆ. ಎರಡರಲ್ಲೂ ನಿವ್ವಳ ಹೊರೆ 3 ಲಕ್ಷವೇ. ಆದಾಯ ತೆರಿಗೆಯ ಲೆಕ್ಕದಲ್ಲಿ ಮಾತ್ರ ಆಯ್ಕೆ ಇಲ್ಲ: 1961ರ ಕಾಯ್ದೆಯ 43(1)ನೇ ವಿಭಾಗದ 10ನೇ ವಿವರಣೆಯಂತೆ ಅನುದಾನದ ಮೊತ್ತವನ್ನು ಯಂತ್ರದ ವಾಸ್ತವ ಬೆಲೆಯಿಂದ ಕಳೆಯಬೇಕು. ಹಾಗೆ ಬೆಲೆಯಲ್ಲಿ ಕಳೆಯಲಾಗದ ಅನುದಾನ, ಉದಾಹರಣೆಗೆ ತರಬೇತಿಗಾಗಿ ಬಂದದ್ದು, 2015ರ ತಿದ್ದುಪಡಿಯ ನಂತರ ಆದಾಯವೆನಿಸುತ್ತದೆ. 2026ರ ಏಪ್ರಿಲ್ 1ನ್ನು ಜಾರಿಯ ದಿನವನ್ನಾಗಿ ಹೊಂದಿರುವ 2025ರ ಹೊಸ ಕಾಯ್ದೆಯಲ್ಲಿ ವಿಭಾಗಗಳ ಸಂಖ್ಯೆ ಬೇರೆಯಾಗಿದೆ, ತತ್ತ್ವ ಅದೇ.

ತೊಡಕು ಇರುವುದು ಲೆಕ್ಕದ ವಿಧಾನದಲ್ಲಲ್ಲ, ಅದನ್ನು ಆಧರಿಸಿ ಬಳಕೆ ಶುಲ್ಕ ನಿಗದಿಪಡಿಸುವಲ್ಲಿ. ಯಂತ್ರವು ವರ್ಷಕ್ಕೆ 2,000 ಗಂಟೆ ದುಡಿಯುತ್ತದೆ ಎಂದರೆ, 3 ಲಕ್ಷದ ಸವಕಳಿ ಗಂಟೆಗೆ 150 ರೂಪಾಯಿ. ಖಾಸಗಿ ಘಟಕಗಳಿಗಿಂತ ಎಷ್ಟು ಅಗ್ಗವೆಂದು ಸದಸ್ಯರೆಲ್ಲ ಸಂತೋಷಪಡುತ್ತಾರೆ. ಹತ್ತು ವರ್ಷಗಳ ನಂತರ ಯಂತ್ರ ಸವೆದಾಗ ಸಂಸ್ಥೆಯ ಕೈಯಲ್ಲಿರುವುದು 30 ಲಕ್ಷ. ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದರೂ ಹೊಸ ಯಂತ್ರಕ್ಕೆ ಬೇಕಾದುದು ಸುಮಾರು 1.63 ಕೋಟಿ. ಅದೇ ಯಂತ್ರಕ್ಕಾಗಿ ಎರಡನೆಯ ಅನುದಾನವನ್ನು ಎಣಿಸಿ ಕುಳಿತಿರುವುದು ಯೋಜನೆ ಎನಿಸದು.

ಈ 1.63 ಕೋಟಿಯನ್ನು ಹತ್ತು ವರ್ಷಗಳಲ್ಲಿ ಕೂಡಿಸಲು, ಶೇ. 6ರ ಬಡ್ಡಿಯ ಠೇವಣಿಯಲ್ಲಿ ಪ್ರತಿವರ್ಷ ಸುಮಾರು 12.40 ಲಕ್ಷ ರೂಪಾಯಿ ತೊಡಗಿಸಬೇಕು. ಅಂದರೆ ಗಂಟೆಗೆ 620 ರೂಪಾಯಿ. ಪುಸ್ತಕದ ಸವಕಳಿಯ ನಾಲ್ಕು ಪಟ್ಟಿಗೂ ಹೆಚ್ಚು. ಯಂತ್ರ ಬದಲಾವಣೆಯ ನಿಧಿಗೆ ವರ್ಗಾಯಿಸಿದ ಮೊತ್ತಕ್ಕೆ ಆದಾಯ ತೆರಿಗೆಯಲ್ಲಿ ಕಡಿತವಿಲ್ಲ, ಠೇವಣಿಯ ಬಡ್ಡಿಗೂ ತೆರಿಗೆಯುಂಟು. ಆದ್ದರಿಂದ ತೆರಿಗೆಯ ಪಾಲನ್ನೂ ಕೂಡಿಸಿದರೆ ದರ ಇನ್ನೂ ಏರುತ್ತದೆ. ಇಷ್ಟು ದರ ವಿಧಿಸಿದರೆ ಕೆಲಸ ಬರುವುದಿಲ್ಲವೆಂದು ಆತಂಕಪಡುವವರಿದ್ದಾರೆ. ಅದು ನಿಜವಾದರೆ ಆ ಯಂತ್ರ ಆ ಕ್ಲಸ್ಟರಿಗೆ ಬೇಕಾಗಿರಲಿಲ್ಲ ಎಂದೇ ಅರ್ಥ. ಪೂರ್ತಿ ಸಾಧ್ಯವಾಗದಿದ್ದರೂ ಅರ್ಧವನ್ನಾದರೂ ಮೊದಲ ತಿಂಗಳಿನಿಂದಲೇ ಕೂಡಿಸತೊಡಗಬೇಕು. ಮೂರನೆಯ ವರ್ಷದಲ್ಲಿ ದರ ಏರಿಸಲು ಹೊರಟರೆ ಸಾಮಾನ್ಯ ಸಭೆಯಲ್ಲಿ ಠರಾವು ಅಂಗೀಕಾರವಾಗುವುದು ಸುಲಭವಲ್ಲ.

ಸದಸ್ಯರ ಕೆಲಸ ಬರುತ್ತದೆಯೆ

ಕೇಂದ್ರದ ನಿಗದಿತ ವೆಚ್ಚವನ್ನು, ಅಂದರೆ ವಿದ್ಯುತ್ತಿನ ನಿಗದಿತ ಶುಲ್ಕ, ಇಬ್ಬರು ಆಪರೇಟರುಗಳ ಸಂಬಳ, ಕ್ಯಾಲಿಬ್ರೇಶನ್, ವಿಮೆ, ಕಾವಲು ಇವೆಲ್ಲ ಸೇರಿ ತಿಂಗಳಿಗೆ 3 ಲಕ್ಷವೆಂದು ಭಾವಿಸಬಹುದು. ನಲವತ್ತೂ ಸದಸ್ಯರು ತಲಾ 10,000 ರೂಪಾಯಿಯ ಕೆಲಸ ತಂದರೆ 4 ಲಕ್ಷ ಜಮೆಯಾಗಿ ಒಂದು ಲಕ್ಷ ಉಳಿಯುತ್ತದೆ. ಯಂತ್ರ ಬದಲಾವಣೆಯ ನಿಧಿ ಹುಟ್ಟುವುದು ಇದರಿಂದಲೇ. ಹದಿನೈದು ಮಂದಿ ಮಾತ್ರ ತಂದರೆ 1.50 ಲಕ್ಷ, ವರ್ಷಕ್ಕೆ 18 ಲಕ್ಷದ ಕೊರತೆ. ಯೋಜನಾ ವರದಿಯಲ್ಲಿ ‘ಶೇ. 80 ಸಾಮರ್ಥ್ಯ ಬಳಕೆ’ ಎಂದು ಸಲಹೆಗಾರರು ಬರೆಯುವ ಅಂಕಿ ಬ್ಯಾಂಕಿನ ಮೌಲ್ಯಮಾಪನಕ್ಕಷ್ಟೇ ಸಾಲುತ್ತದೆ. ಆಯಾ ಘಟಕ ಕಳೆದ ಹನ್ನೆರಡು ತಿಂಗಳಲ್ಲಿ ಹೊರಗೆ ಮಾಡಿಸಿದ ಜಾಬ್‌ವರ್ಕಿನ ಬಿಲ್ಲುಗಳನ್ನು ತರಿಸಿ ಕೂಡಿಸಿದರೆ ನಿಜವಾದ ಬೇಡಿಕೆ ತಿಳಿಯುತ್ತದೆ. ಬಿಲ್ಲು ತೋರಿಸಲು ಹಿಂಜರಿಯುವ ಸದಸ್ಯ ನಾಳೆ ಕೆಲಸ ತರುವುದೂ ಸಂದೇಹ.

ಸದಸ್ಯತ್ವದ ಒಪ್ಪಂದದಲ್ಲೇ ಮಾಸಿಕ ಕನಿಷ್ಠ ಕೆಲಸದ ಬದ್ಧತೆಯನ್ನು ಸೇರಿಸಿ, ಕೆಲಸ ತಂದರೂ ತಾರದಿದ್ದರೂ ಆ ಮೊತ್ತ ಸಂದಾಯವಾಗುವಂತೆ ಠೇವಣಿ ಪಡೆಯುವುದು ಉಚಿತ. ಸದಸ್ಯರಲ್ಲದವರಿಗೆ ಹೆಚ್ಚಿನ ದರದಲ್ಲಿ ಸೇವೆ ನೀಡಲು ಅವಕಾಶವಿರಬೇಕು. ಅಧ್ಯಕ್ಷರ ಕೆಲಸಕ್ಕೆ ಸರದಿ ತಪ್ಪಿಸಿ ಆದ್ಯತೆ ನೀಡುವ ಪದ್ಧತಿ ಆರಂಭವಾದ ದಿನದಿಂದ ಉಳಿದ ಸದಸ್ಯರು ತಮ್ಮ ಹಳೆಯ ಜಾಬ್‌ವರ್ಕ್‌ನವರ ಬಳಿಗೇ ಮರಳುತ್ತಾರೆ. ಇದನ್ನು ತಡೆಯಲು ಸರದಿ ವಹಿಯನ್ನು ಎಲ್ಲರಿಗೂ ಕಾಣುವಂತೆ ಕೇಂದ್ರದಲ್ಲೇ ಇಡುವುದಕ್ಕಿಂತ ಉತ್ತಮ ಉಪಾಯವಿಲ್ಲ.

ದಾಖಲೆಗಳು

ಅನುದಾನದಿಂದ ಪೂರ್ಣವಾಗಿ ಅಥವಾ ಗಣನೀಯವಾಗಿ ಕೊಂಡ ಆಸ್ತಿಯನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ, ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ. ಅಂತಹ ಆಸ್ತಿಗಳಿಗೆ ಪ್ರತ್ಯೇಕ ವಹಿ ಇಟ್ಟು, ಪ್ರತಿ ಯಂತ್ರದ ಮೇಲೂ ಗುರುತು ಸಂಖ್ಯೆ ಬರೆಯಿಸಬೇಕು. ಒಂದು ವರ್ಷದ ಅನುದಾನ 25 ಲಕ್ಷಕ್ಕೆ ಕಡಿಮೆಯಿಲ್ಲದೆ, ಸಂಸ್ಥೆಯ ಒಟ್ಟು ವೆಚ್ಚದ ಶೇ. 75ಕ್ಕೂ ಕಡಿಮೆಯಿಲ್ಲದಿದ್ದರೆ, 1971ರ ಸಿಎಜಿ ಕಾಯ್ದೆಯ 14ನೇ ವಿಭಾಗದಡಿ ಮಹಾಲೆಕ್ಕಪರಿಶೋಧಕರ ತಪಾಸಣೆಗೂ ಸಂಸ್ಥೆ ಒಳಪಡುತ್ತದೆ. ಯಂತ್ರ ಸ್ಥಾಪನೆಯ ವರ್ಷದಲ್ಲಿ ಹೆಚ್ಚಿನ ಎಸ್‌ಪಿವಿಗಳು ಈ ವ್ಯಾಪ್ತಿಗೆ ಬರುವ ಸಂಭವವಿದೆ. ತಪಾಸಣೆ ನಡೆಯುವ ವೇಳೆಗೆ ಅಂದಿನ ಕಾರ್ಯದರ್ಶಿ ಬದಲಾಗಿರಬಹುದು, ಸಲಹೆಗಾರರು ದೂರವಾಣಿಗೆ ಸಿಗದಿರಬಹುದು. ಮಂಜೂರಾತಿ ಆದೇಶ, ಟೆಂಡರ್ ಕಡತ, ತುಲನಾತ್ಮಕ ಪಟ್ಟಿ, ಮೂಲ ಬಿಲ್ಲುಗಳು, ಬ್ಯಾಂಕ್ ತಃಖ್ತೆ, ಬಡ್ಡಿ ಜಮೆ ಮಾಡಿದ ಚಲನ್ ಇವನ್ನೆಲ್ಲ ಒಂದೇ ಕಪಾಟಿನಲ್ಲಿ, ಸಂಸ್ಥೆಯ ಕಚೇರಿಯಲ್ಲಿಯೇ ಇಡಬೇಕು. ಪದಾಧಿಕಾರಿಗಳ ಮನೆಯಲ್ಲಾಗಲಿ ಕಾರ್ಖಾನೆಯಲ್ಲಾಗಲಿ ಇಡುವುದು ತರವಲ್ಲ.

ಹೊಸದಾಗಿ ಯೋಜನೆ ಹಮ್ಮಿಕೊಳ್ಳುವ ಕ್ಲಸ್ಟರುಗಳು ಮೊದಲು ತಮ್ಮ ಜಿಲ್ಲಾ ಕೈಗಾರಿಕಾ ಕೇಂದ್ರದ ಜಂಟಿ ನಿರ್ದೇಶಕರನ್ನೂ, ಬೆಂಗಳೂರಿನ ರಾಜಾಜಿನಗರದಲ್ಲಿರುವ ಕೇಂದ್ರ ಎಂಎಸ್‌ಎಂಇ ಸಚಿವಾಲಯದ ಅಭಿವೃದ್ಧಿ ಕಚೇರಿಯನ್ನೂ ಸಂಪರ್ಕಿಸಬಹುದು. ಹೋಗುವಾಗ ಸದಸ್ಯರ ಪಟ್ಟಿ, ಉದ್ಯಮ್ ನೋಂದಣಿ ಪತ್ರಗಳು ಮತ್ತು ಮೇಲೆ ಹೇಳಿದ ಹನ್ನೆರಡು ತಿಂಗಳ ಜಾಬ್‌ವರ್ಕ್ ಬಿಲ್ಲುಗಳ ಕ್ರೋಡೀಕೃತ ಪಟ್ಟಿ ಜೊತೆಗಿರಲಿ.